ಕ್ಯಾಸೆಟ್ಟಿನಲ್ಲಿ ಉಳಿದಿರುವ ಮನೆಮಾತು

ಮದುವೆ, ಗೃಹಪ್ರವೇಶಗಳನ್ನು ವಿಡಿಯೋ ಕ್ಯಾಸೆಟ್ಟಿನಲ್ಲಿ ತೆಗೆಸಿಡುವ ರೂಢಿ ನಮ್ಮ ಕಡೆ 1980–90ರ ದಶಕಗಳಲ್ಲಿ ಬೆಳೆಯಿತು. ಆ ಕ್ಯಾಸೆಟ್ಟುಗಳು ಈಗ ಬೀರುವಿನ ತಳ ಸೇರಿವೆ. ನೋಡೋಣವೆಂದರೆ ಮನೆಯಲ್ಲಿ ವಿ.ಸಿ.ಆರ್. ಇಲ್ಲ, ಜಪಾನಿನ ಫುನಾಯ್ ಕಂಪನಿಯೂ 2016ರ ಜುಲೈಯಲ್ಲಿ ಅದರ ತಯಾರಿಕೆ ನಿಲ್ಲಿಸಿತು. ಆದ್ದರಿಂದ ಪೋಷಕರು ಅವನ್ನು ಸ್ಟುಡಿಯೋಗೆ ಕೊಟ್ಟು ಡಿ.ವಿ.ಡಿ. ಮಾಡಿಸುತ್ತಾರೆ. ಒಳ್ಳೆಯ ಕೆಲಸವೇ ಸರಿ. ಆದರೆ ಅದನ್ನು ಹೇಗೆ ಮಾಡಿಸುತ್ತೇವೆ ಎಂಬುದರ ಕಡೆಗೆ ನಾವು ಸಾಕಷ್ಟು ಲಕ್ಷ್ಯ ಕೊಡುತ್ತಿಲ್ಲವೆಂದೇ ನಮ್ಮ ಅಭಿಪ್ರಾಯ.

ಇದು ಎಲ್ಲ ಮನೆಗಳ ಮಾತಾದರೂ ತಮಿಳುನಾಡಿನ ತೇನಿ, ಕಂಬಂ ಕಣಿವೆ, ದಿಂಡಿಗಲ್ ಕಡೆಯ ಕನ್ನಡ ಮನೆಗಳಲ್ಲಿ ಇದರ ತೂಕವೇ ಬೇರೆ. ಅಲ್ಲಿನ ಕಪ್ಪಿಲಿಯರು ತಲೆತಲಾಂತರದಿಂದ ಬೇಸಾಯಗಾರರು. ಮನೆಮಾತು ಕನ್ನಡ, ಓದುಬರಹ ತಮಿಳು. ಕಂಬಂ ಊರಿನಲ್ಲಿ ಅವರು ಪೂಜಿಸುವ ದನದ ಮಂದೆಗೆ ತಮಿಳಿನಲ್ಲಿ ‘ತಂಬಿರಾನ್ ಮಾಡು’ ಎಂದೂ ಕನ್ನಡದಲ್ಲಿ ‘ದೇವರು ಆವು’ ಎಂದೂ ಹೆಸರಿರುವುದನ್ನು ಡಬ್ಲ್ಯು. ಫ್ರಾನ್ಸಿಸ್ 1906ರ ಮಧುರೆ ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಮಂದೆಯ ಪಟ್ಟದ ಹೋರಿ ಸತ್ತರೆ ಕಬ್ಬಿನ ಕಟ್ಟನ್ನು ಮುಂದಿಟ್ಟು, ಅದರ ಬಳಿಗೆ ಮೊದಲು ಬಂದ ಹೋರಿಗೆ ಪಟ್ಟ ಕಟ್ಟುತ್ತಿದ್ದರಂತೆ! ಹಳಗನ್ನಡ ಪಾಠದಲ್ಲಿ ‘ಆವು ಎಂದರೆ ಹಸು’ ಎಂದು ನಾವು ಅರ್ಥ ಬರೆಸುತ್ತೇವೆ. ಅಲ್ಲಿ ಆ ಪದ ದಿನಬಳಕೆಯ ಮಂದೆಯ ಹೆಸರಾಗಿತ್ತು. ಗೆಜೆಟಿಯರು ಪದವನ್ನು ಉಳಿಸಿತು. ಅದನ್ನು ಹೇಳುವ ರಾಗವನ್ನು ಉಳಿಸಲಾರದು. ಮದುವೆಯ ದಿನ ಒಲೆಯ ಬಳಿ ಅಜ್ಜಿಯೊಬ್ಬರು ಸೊಸೆಯನ್ನು ಗದರಿಸಿದ ನಾಲ್ಕು ಮಾತು ಕ್ಯಾಸೆಟ್ಟಿನಲ್ಲಿ ಸೇರಿದ್ದರೆ, ಬರಹವಿಲ್ಲದ ಆ ಕನ್ನಡಕ್ಕೆ ಅದೇ ದಾಖಲೆ.

ಹೀಗಿರುವಾಗ ಕೆಲವು ಸ್ಟುಡಿಯೋಗಳಲ್ಲಿ ‘ಬರೀ ಗಲಾಟೆ’ ಎಂದು ಮೂಲ ಧ್ವನಿಯನ್ನು ಅಳಿಸಿ, ಉದ್ದಕ್ಕೂ ಸಿನಿಮಾ ಹಾಡು ತುಂಬಿಸಿಕೊಡುತ್ತಾರೆ. ಪೋಷಕರೂ ಸಂತೋಷದಿಂದ ಒಪ್ಪುತ್ತಾರೆ. ಇದನ್ನು ನಾವು ಖಂಡಿತವಾಗಿ ವಿರೋಧಿಸುತ್ತೇವೆ. ಹಾಡು ಎಲ್ಲಿ ಬೇಕಾದರೂ ಸಿಗುತ್ತದೆ. ಗುಣಮಟ್ಟವೆಂದರೆ ಕಣ್ಣಿಗೆ ಕಾಣುವುದಷ್ಟೇ ಅಲ್ಲ. ವಿ.ಎಚ್.ಎಸ್. ಟೇಪಿನಲ್ಲಿ ಧ್ವನಿಯ ಪಟ್ಟಿ ಅಂಚಿನಲ್ಲಿರುತ್ತದೆ. ಅಂಚು ಸುಕ್ಕಾದರೆ ಮಾತು ಕೆಡುತ್ತದೆ. ಬೂಷ್ಟು ಹಿಡಿದ ಟೇಪನ್ನು ಶುಚಿಮಾಡದೆ ಯಂತ್ರಕ್ಕೆ ಹಾಕಿದರೆ ಟೇಪೂ ಹೆಡ್ಡೂ ಎರಡೂ ಹಾಳು.

ಇನ್ನು ಚಿತ್ರದ ವಿಷಯ. ಒಂದು ಸಾಮಾನ್ಯ ಡಿ.ವಿ.ಡಿ.ಯಲ್ಲಿ 4.7 ಗಿಗಾಬೈಟ್ ಹಿಡಿಸುತ್ತದೆ, ಅಂದರೆ ಒಳ್ಳೆಯ ಗುಣಮಟ್ಟದಲ್ಲಿ ಸುಮಾರು 2 ಗಂಟೆಯ ಚಿತ್ರ. ಸೆಕೆಂಡಿಗೆ 25 ಚಿತ್ರಗಳಿದ್ದರೂ ಅದು ಎಲ್ಲವನ್ನೂ ಪೂರ್ತಿಯಾಗಿ ಬರೆದುಕೊಳ್ಳುವುದಿಲ್ಲ; ಹೆಚ್ಚಿನವುಗಳಲ್ಲಿ ಹಿಂದಿನದಕ್ಕಿಂತ ಬದಲಾದದ್ದನ್ನು ಮಾತ್ರ ಬರೆಯುತ್ತದೆ. 3 ಗಂಟೆಯ ಎರಡು ಕ್ಯಾಸೆಟ್ಟುಗಳನ್ನು ಒಂದೇ ತಟ್ಟೆಗೆ ತುರುಕಿದರೆ ಆ ಬರಹಕ್ಕೂ ಜಾಗ ಸಾಲದು. ಆಗ ಕದಲದೆ ನಿಂತ ಮಂಟಪ ಚೆನ್ನಾಗಿಯೇ ಕಾಣುತ್ತದೆ. ಓಡಾಡುವ ಜನರ ಮುಖ ಮಾತ್ರ ಚೌಕ ಚೌಕವಾಗಿ ಒಡೆಯುತ್ತದೆ. ನಮಗೆ ಬೇಕಾದದ್ದು ಮಂಟಪವೋ ಮುಖವೋ?

ಆದಕಾರಣ ಟೇಪಿನಿಂದ ಒಮ್ಮೆ, ಸಾಧ್ಯವಾದಷ್ಟು ಉತ್ತಮ ಗುಣಮಟ್ಟದಲ್ಲಿ ಕಂಪ್ಯೂಟರಿಗೆ ಇಳಿಸಿಸಿ, ಆ ಫೈಲನ್ನು ಎರಡು ಹಾರ್ಡ್ ಡಿಸ್ಕುಗಳಲ್ಲಿ ಇಟ್ಟುಕೊಳ್ಳುವುದು ಲೇಸು. ಡಿ.ವಿ.ಡಿ.ಯನ್ನು ಅದರಿಂದ ಮಾಡಿಸಲಿ. ಹೇಗೂ ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಡಿ.ವಿ.ಡಿ. ಹಾಕುವ ಜಾಗವೇ ಇಲ್ಲ. ನಕಲಿನ ನಕಲು ತೆಗೆಸಬಾರದು. ಹಳೆಯ ಚಿತ್ರವನ್ನು ಅಗಲ ಟಿ.ವಿ.ಗೆ ಹಿಗ್ಗಿಸಲೂಬಾರದು, ಮದುಮಗಳು ಒಂದೇ ದಿನದಲ್ಲಿ ದಪ್ಪಗಾಗಿಬಿಡುತ್ತಾಳೆ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ಮನೆಯ ಹಿರಿಯರೊಡನೆ ಕುಳಿತು ಚಿತ್ರ ನೋಡಿ, ಯಾರು ಯಾರು, ಏನು ಮಾತಾಡಿದರು ಎಂಬುದನ್ನು ನೋಟುಪುಸ್ತಕದಲ್ಲಿ ಬರೆದುಕೊಳ್ಳಿ. ಕ್ಯಾಸೆಟ್ಟನ್ನು ಗುಜರಿಗೆ ಹಾಕಲು ಬಿಡಬೇಡಿ. ಪೂರ್ತಿ ಹಿಂದಕ್ಕೆ ಸುತ್ತಿಸಿ, ಹೆಸರು ಇಸವಿಗಳ ಚೀಟಿ ಅಂಟಿಸಿ, ತೇವವಿಲ್ಲದ ಕಡೆ ಪುಸ್ತಕದಂತೆ ನಿಲ್ಲಿಸಿಡಿ.