ಮನೆ ಸಜ್ಜುಗೊಳಿಸುವ ಕಸುಬು: ಕಲಿಕೆ ಎಲ್ಲಿ, ಹೇಗೆ?

ಹೆಣ್ಣು ನೋಡಲು ಗಂಡಿನ ಕಡೆಯವರು ಬರುತ್ತಾರೆಂದರೆ ಹುಣಸೂರು, ಪಿರಿಯಾಪಟ್ಟಣದ ಕಡೆಯ ಮನೆಗಳಲ್ಲಿ ಏನೆಲ್ಲ ನಡೆಯುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ನಡುಮನೆಯಲ್ಲಿದ್ದ ರಾಗಿ ಮೂಟೆ ಅಟ್ಟ ಸೇರುತ್ತದೆ. ಹಳೆಯ ಚಾಪೆ ಮಂಚದಡಿಗೆ ಹೋಗುತ್ತದೆ. ಪಕ್ಕದ ಮನೆಯಿಂದ ನಾಲ್ಕು ಕುರ್ಚಿ ಬರುತ್ತವೆ. ಇದೇ ಕೆಲಸವನ್ನು ಮಾರಾಟಕ್ಕಿರುವ ಮನೆಯಲ್ಲಿ, ಕೂಲಿ ಪಡೆದು, ಲೆಕ್ಕಾಚಾರದಿಂದ ಮಾಡುವುದಕ್ಕೆ ‘ಹೋಮ್ ಸ್ಟೇಜಿಂಗ್’ ಎಂದು ಹೆಸರು. ಅಮೆರಿಕದ ಸಿಯಾಟಲ್ ಭಾಗದ ಬಾರ್ಬ್ ಶ್ವಾರ್ಟ್ಸ್ ಎಂಬ ಮಹಿಳೆ 1972ರಲ್ಲಿ ಇದನ್ನು ಒಂದು ಕಸುಬಾಗಿ ಆರಂಭಿಸಿದರು. ಒಳಾಂಗಣ ವಿನ್ಯಾಸಕ್ಕೂ ಇದಕ್ಕೂ ವ್ಯತ್ಯಾಸವಿದೆ. ವಿನ್ಯಾಸಕಾರರು ಮನೆಯವರ ಅಭಿರುಚಿಗೆ ತಕ್ಕಂತೆ ವರ್ಷಗಟ್ಟಲೆ ಇರುವಂಥದ್ದನ್ನು ಮಾಡಿಕೊಡುತ್ತಾರೆ. ಸ್ಟೇಜಿಂಗ್ ಮಾಡುವವರು ಕೊಳ್ಳಲು ಬಂದವರ ಮೊದಲ ಹತ್ತು ನಿಮಿಷಕ್ಕಾಗಿ ದುಡಿಯುತ್ತಾರೆ, ಮನೆ ಮಾರಾಟವಾದ ಮೇಲೆ ಬಾಡಿಗೆ ಸಾಮಾನನ್ನು ಎಣಿಸಿ ಹಿಂತಿರುಗಿಸುತ್ತಾರೆ.

ಪಿಯುಸಿ ಮುಗಿಸಿದ ಮಗಳನ್ನೋ ಮಗನನ್ನೋ ಇಂಥ ಕೋರ್ಸಿಗೆ ಮೈಸೂರಿಗೆ ಕಳುಹಿಸುವ ಪೋಷಕರು ಶುಲ್ಕದ ಜೊತೆಗೆ ಬಸ್ ಪಾಸು, ಹಾಸ್ಟೆಲು ಎಂದು ಹೊಂದಿಸಬೇಕಾಗುತ್ತದೆ. ಹೊಗೆಸೊಪ್ಪಿನ ದರ ಕುಸಿದ ವರ್ಷವಾದರೆ ಅದು ಸಾಲದ ದುಡ್ಡೇ. ಆದ್ದರಿಂದ ಮೊದಲು ಕೇಳಬೇಕಾದದ್ದು ಒಂದೇ: ಮಕ್ಕಳು ಎಷ್ಟು ದಿನ ತರಗತಿಯಲ್ಲಿ ಕೂರುತ್ತಾರೆ, ಎಷ್ಟು ದಿನ ನಿಜವಾದ ಮನೆಯಲ್ಲಿ ಕೆಲಸ ಮಾಡುತ್ತಾರೆ? ಗೋಡೆಗೆ ತೋರಿಸುವ ಬಣ್ಣದ ಚಿತ್ರಗಳನ್ನು ನೋಡಿ ಈ ವಿದ್ಯೆ ಬರುವುದಿಲ್ಲ. ಈಜು ಕಲಿಯಲು ಕೆರೆಗೇ ಇಳಿಯಬೇಕು.

ಕೈಯಿಂದ ಕಲಿಯುವುದೆಂದರೆ ಏನು? ಮೊದಲ ಪಾಠ ತೆಗೆಯುವುದು, ಸೇರಿಸುವುದಲ್ಲ. ನಮ್ಮ ನಡುಮನೆಗಳಲ್ಲಿ ಶೋಕೇಸು, ಕಬ್ಬಿಣದ ಬೀರು, ಮೂರು ವರ್ಷದ ಕ್ಯಾಲೆಂಡರುಗಳು, ಹೊಲಿಗೆ ಯಂತ್ರ ಎಲ್ಲವೂ ಒಟ್ಟಿಗೇ ವಾಸಿಸುತ್ತವೆ. ಕೋಣೆಯನ್ನು ಟೇಪಿನಲ್ಲಿ ಅಳೆದು, ಗ್ರಾಫ್ ಹಾಳೆಯಲ್ಲಿ ಒಂದು ಅಡಿಗೆ ಒಂದು ಚೌಕದಂತೆ ಬರೆದು, ಮಂಚ ಸೋಫಾಗಳನ್ನು ಕಾಗದದಲ್ಲಿ ಕತ್ತರಿಸಿ ಸರಿಸಿ ನೋಡಿದರೆ, ಭಾರ ಎತ್ತುವ ಮೊದಲೇ ಅರ್ಧ ಕೆಲಸ ಮುಗಿಯುತ್ತದೆ. ಓಡಾಡುವ ದಾರಿಗೆ ಎರಡೂವರೆ ಅಡಿಯಾದರೂ ಬಿಡಬೇಕು. ಕಿಟಕಿಗೆ ಅಡ್ಡ ನಿಂತ ಬೀರುವನ್ನು ಸರಿಸಿದರೆ ಬೆಳಕು ಎಷ್ಟು ಒಳಗೆ ಬರುತ್ತದೆ ಎಂಬುದು ಸರಿಸಿದವರಿಗೇ ಗೊತ್ತು. ಗೋಡೆ ಕೆರೆದು, ಪುಟ್ಟಿ ಹಚ್ಚಿ, ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ, ಪ್ರೈಮರ್ ಬಳಿದು ಆಮೇಲೆ ಬಣ್ಣ. ಈ ಅನುಕ್ರಮವನ್ನು ಒಮ್ಮೆ ಮಾಡಿದ ಹುಡುಗಿಯನ್ನು ಮುಂದೆ ಯಾವ ಮೇಸ್ತ್ರಿಯೂ ಯಾಮಾರಿಸಲಾರ.

ಇದಕ್ಕಿಂತ ಕಷ್ಟದ್ದು ಮಾತು. ತೀರಿಕೊಂಡ ಯಜಮಾನರ ಫೋಟೋಕ್ಕೆ ಹಾರ ಹಾಕಿ ಮೇಲೊಂದು ಪುಟ್ಟ ಬಲ್ಬು ಉರಿಸಿರುತ್ತಾರೆ. ‘ಅಮ್ಮಾ, ಇದು ಒಂದು ವಾರ ದೇವರ ಕೋಣೆಯಲ್ಲಿರಲಿ, ಅಲ್ಲೂ ದೀಪ ಹಚ್ಚೋಣ’ ಎಂದು ಹೇಳಲು ಬರುವವರಿಗೆ ಕೆಲಸ ಸಿಗುತ್ತದೆ. ‘ಇದನ್ನು ತೆಗೀರಿ’ ಎನ್ನುವವರನ್ನು ಮನೆಯವರು ಎರಡನೇ ಸಲ ಕರೆಯುವುದಿಲ್ಲ.

ಇನ್ನೊಂದನ್ನು ಗುರುಗಳು ಮೊದಲ ದಿನವೇ ಹೇಳಿಕೊಡಬೇಕು. ತೇವ ಹಿಡಿದ ಗೋಡೆಗೆ ದೊಡ್ಡ ಚಿತ್ರ ನೇತುಹಾಕುವುದು, ಬಿರುಕಿನ ಮುಂದೆ ಬೀರು ಇಡುವುದು ಅಲಂಕಾರವಲ್ಲ, ಮೋಸ. ಸುಲಭವಾಗಿ ಕಣ್ಣಿಗೆ ಬೀಳದ ಮುಖ್ಯ ದೋಷ ತನಗೆ ಗೊತ್ತಿದ್ದರೆ ಮಾರುವವನು ಅದನ್ನು ಕೊಳ್ಳುವವನಿಗೆ ತಿಳಿಸಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಹೇಳುತ್ತದೆ. ಕೊಳ್ಳುವವನೂ ಒಬ್ಬ ತಂದೆಯೇ. ಮಗನ ಹೆಸರಿನಲ್ಲಿ ಸಾಲ ಮಾಡಿ ಬಂದಿರುತ್ತಾನೆ.

ಮಾರಾಟಕ್ಕಿರುವ ಫ್ಲ್ಯಾಟುಗಳು ಬೆಂಗಳೂರು, ಮೈಸೂರಿನಲ್ಲಿ ಹೆಚ್ಚು, ನಿಜ. ಆದರೆ ಕೈ ಪಳಗಿಸುವ ಜಾಗಗಳು ಈ ನಾಲ್ಕು ತಾಲ್ಲೂಕುಗಳಲ್ಲೇ ಇವೆ. ಎಚ್.ಡಿ. ಕೋಟೆಯ ಕಾರಾಪುರದಲ್ಲಿ ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯ ಕಬಿನಿ ರಿವರ್ ಲಾಡ್ಜ್ ಇದೆ, ಕಬಿನಿ ಹಿನ್ನೀರಿನ ಸುತ್ತ ಖಾಸಗಿ ರೆಸಾರ್ಟುಗಳಿವೆ, ಹೋಮ್‌ಸ್ಟೇಗಳಿವೆ. ಒಬ್ಬ ಅತಿಥಿ ಹೋಗಿ ಇನ್ನೊಬ್ಬರು ಬರುವುದರೊಳಗೆ ಕೋಣೆಯನ್ನು ಹೊಸದರಂತೆ ಮಾಡುವ ಅಲ್ಲಿನ ಶಿಸ್ತು ಈ ಕಸುಬಿನ ಅಡಿಪಾಯ. ಪಿರಿಯಾಪಟ್ಟಣದ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ನೆಲೆ ನಿಂತ ಟಿಬೆಟನ್ನರು ಜಮಖಾನೆ ನೇಯ್ಗೆಯನ್ನು ಜೊತೆಗೇ ತಂದರು. ಬಣ್ಣಕ್ಕೆ ಬಣ್ಣ ಹೊಂದಿಸುವುದನ್ನು ಅಲ್ಲಿ ನೋಡಿ ಕಲಿಯಬಹುದು. ಸಾಮಾನು ಎಣಿಸಿ ಕಳುಹಿಸಿ, ಎಣಿಸಿ ವಾಪಸು ಪಡೆಯುವ ಲೆಕ್ಕಕ್ಕೆ ಕೆ.ಆರ್. ನಗರದ ಶಾಮಿಯಾನ ಅಂಗಡಿಯೇ ಸಾಕು. ಇನ್ನು ಹುಣಸೂರು. ಮದರಾಸು ಸೇನೆಯ ಕಮಿಸರಿಯಟ್ ಇಲಾಖೆ ಅಲ್ಲಿ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ತಯಾರಿಕೆ, ಮರದ ಡಿಪೋ ನಡೆಸುತ್ತಿತ್ತು. 1864ರ ಹೊತ್ತಿಗೆ ಅವೆಲ್ಲ ಮುಚ್ಚಿದವು. ಆದರೂ ಕಲಿತ ಕೈಗಳು ಊರಿನಲ್ಲೇ ಉಳಿದು, ಆಮೇಲೂ ಬಹುಕಾಲ ಬೂಟು, ಗಾಡಿಗಳನ್ನು ತಯಾರಿಸಿದವು.

ಸರ್ಕಾರಿ ವ್ಯವಸ್ಥೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರಿಗೆ ‘ಇಂಟೀರಿಯರ್ ಡಿಸೈನ್ ಅಂಡ್ ಡೆಕೋರೇಷನ್’ ಎಂಬ ಒಂದು ವರ್ಷದ ಐಟಿಐ ತರಬೇತಿ ಇದೆ. ಹತ್ತಿರದ ಯಾವ ಐಟಿಐಯಲ್ಲಿ ಲಭ್ಯ ಎಂದು ವಿಚಾರಿಸಿಯೇ ಅರ್ಜಿ ಹಾಕಬೇಕು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಕೇಂದ್ರ ಮೈಸೂರಿನಲ್ಲೂ ಇದ್ದು, ಊಟ ವಸತಿ ಸಹಿತ ಉಚಿತವಾಗಿ ಸ್ವಉದ್ಯೋಗ ತರಬೇತಿ ನೀಡುತ್ತದೆ. ‘ಸ್ಟೇಜಿಂಗ್’ ಎಂಬ ಹೆಸರನ್ನೇ ಹುಡುಕುತ್ತ ಕೂರುವ ಬದಲು ಹೊಲಿಗೆ, ಮರಗೆಲಸ, ಬಣ್ಣಗಾರಿಕೆ, ಫೋಟೋಗ್ರಫಿಯಲ್ಲಿ ಯಾವುದಾದರೊಂದನ್ನು ಗಟ್ಟಿಯಾಗಿ ಕಲಿತವರಿಗೆ ಇದು ಬೇಗ ಒಲಿಯುತ್ತದೆ.

ಕೆಲಸ ಕೊಡುವವರು ಪ್ರಮಾಣಪತ್ರಕ್ಕಿಂತ ಮೊದಲು ಕೇಳುವುದು ಚಿತ್ರಗಳನ್ನು. ಕೋಣೆಯ ಒಂದೇ ಮೂಲೆಯಿಂದ, ಎದೆಯ ಎತ್ತರದಲ್ಲಿ, ಒಂದೇ ಹೊತ್ತಿನ ಬೆಳಕಿನಲ್ಲಿ ತೆಗೆದ ಎರಡು ಫೋಟೋ: ಮುಟ್ಟುವ ಮೊದಲಿನದೊಂದು, ಆಮೇಲಿನದೊಂದು. ಖರ್ಚೆಷ್ಟು ಎಂದು ಕೆಳಗೆ ಬರೆದಿರಬೇಕು. ಮೊದಲ ಜೋಡಿಯನ್ನು ಸ್ವಂತ ಮನೆಯ ನಡುಮನೆಯಲ್ಲೇ, ಈ ಭಾನುವಾರವೇ, ಒಂದು ರೂಪಾಯಿ ಖರ್ಚಿಲ್ಲದೆ ತೆಗೆಯಬಹುದು. ಬೀರು ಎತ್ತಲು ಅಪ್ಪ ಕೈ ಕೊಟ್ಟರೆ ಸಾಕು.