ಸ್ಪೀಕರ್ ಕೆಟ್ಟಿಲ್ಲ, ಮನೆಯ ವಿಳಾಸ ಬದಲಾಗಿದೆ



ಕಳೆದ ತಿಂಗಳು ಶಹಾಬಾದಿನಲ್ಲಿರುವ ನನ್ನ ಖಾಲಾ ಅವರನ್ನು ನೋಡಲು ಹೋಗಿದ್ದೆ. ಎಪ್ಪತ್ತು ದಾಟಿದ ಜೀವ. ಕಣ್ಣು ಮಂಜಾಗಿ ಓದುವುದು ನಿಂತು ವರ್ಷಗಳೇ ಆದವು. ದುಬೈಯಲ್ಲಿರುವ ಮಗ ಹಿಂದೊಮ್ಮೆ ರಜೆಗೆ ಬಂದಾಗ ಅವರಿಗಾಗಿ ಒಂದು ವೈಫೈ ಸ್ಪೀಕರ್ ತಂದಿದ್ದ. ಬೆಳಿಗ್ಗೆ ಕುರ್‌ಆನ್ ಪಾರಾಯಣ, ಮಧ್ಯಾಹ್ನ ಸುದ್ದಿ, ರಾತ್ರಿ ನಿದ್ದೆ ಬರುವವರೆಗೆ ಯಾವುದಾದರೊಂದು ಪ್ರವಚನ. ಸೊಸೆ ಮೊಬೈಲಿನಿಂದ ಹಚ್ಚಿಕೊಟ್ಟರೆ ಸಾಕು, ಅವರ ದಿನ ಸಾಗುತ್ತಿತ್ತು.

ಆ ದಿನ ಸ್ಪೀಕರ್ ಕಪಾಟಿನ ಮೇಲೆ ಬಟ್ಟೆ ಹೊದ್ದು ಕುಳಿತಿತ್ತು. ಏನಾಯಿತೆಂದು ಕೇಳಿದೆ. "ಅದು ಕೆಟ್ಟದಂತ ಬೇಟಿ. ಹೋಗ್ಲಿ ಬಿಡು, ಈ ವಯಸ್ಸಿನ್ಯಾಗ ನನಗ್ಯಾಕ ಅದೆಲ್ಲ?" ಎಂದರು ಖಾಲಾ.

ಸೊಸೆಯನ್ನು ವಿಚಾರಿಸಿದೆ. ಎರಡು ವಾರದ ಹಿಂದೆ ಮನೆಗೆ ಹೊಸ ಇಂಟರ್ನೆಟ್ ಸಂಪರ್ಕ ಹಾಕಿಸಿದ್ದರು. ಹಳೆಯ ರೂಟರ್ ಹೋಗಿ ಹೊಸದು ಬಂದಿತ್ತು. ಅಂದಿನಿಂದ ಸ್ಪೀಕರ್ ಮಾತಾಡಿಲ್ಲ. "ಅವರು ರಜೆಗೆ ಬಂದಾಗ ನೋಡ್ತಾರ ಆಪಾ" ಎಂದಳು. ರಜೆಗೆ ಇನ್ನೂ ಏಳು ತಿಂಗಳಿತ್ತು! ಓದಲಾಗದ, ಹೊರಗೆ ಹೋಗಲಾಗದ ಒಬ್ಬರು ಏಳು ತಿಂಗಳು ಗೋಡೆ ನೋಡುತ್ತಾ ಕೂರಬೇಕೇ?

ಸಹೋದರಿಯರೇ, ಆ ಸ್ಪೀಕರ್ ಕೆಟ್ಟಿರಲಿಲ್ಲ. ವೈಫೈ ಸ್ಪೀಕರ್ ತನಗೆ ಮೊದಲ ದಿನ ಹೇಳಿಕೊಟ್ಟ ಎರಡು ಸಂಗತಿಗಳನ್ನು ನೆನಪಿಟ್ಟುಕೊಂಡಿರುತ್ತದೆ: ನೆಟ್‌ವರ್ಕಿನ ಹೆಸರು ಮತ್ತು ಪಾಸ್‌ವರ್ಡ್. ಹೊಸ ರೂಟರಿನೊಂದಿಗೆ ಇವೆರಡೂ ಬದಲಾಗುತ್ತವೆ. ಮೊಬೈಲಿಗೆ ಪರದೆಯಿದೆ, ಹೊಸ ಪಾಸ್‌ವರ್ಡ್ ಬರೆದು ಮುಂದುವರಿಯುತ್ತೇವೆ. ಪರದೆಯಿಲ್ಲದ ಸ್ಪೀಕರ್ ಮಾತ್ರ ಹಳೆಯ ಹೆಸರನ್ನೇ ಹುಡುಕುತ್ತಾ ಕೂತಿರುತ್ತದೆ.

ಹಾಗಾದರೆ ಏನು ಮಾಡಬೇಕು? ಎಲ್ಲಕ್ಕಿಂತ ಸುಲಭದ ದಾರಿ, ಹೊಸ ರೂಟರಿಗೆ ಹಳೆಯ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ ಇಡುವುದು. ರೂಟರಿನ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ 192.168.1.1 ಅಥವಾ 192.168.0.1 ಎಂಬಂತಹ ಅಂಕಿಗಳಿರುತ್ತವೆ. ಮನೆಯ ವೈಫೈಗೆ ಸೇರಿಸಿದ ಮೊಬೈಲಿನ ಬ್ರೌಸರಿನಲ್ಲಿ ಅದನ್ನು ಬರೆದರೆ ರೂಟರಿನ ಪುಟ ತೆರೆಯುತ್ತದೆ. ಒಳಹೋಗುವ ಹೆಸರು, ಗುಪ್ತಪದ ಸಾಮಾನ್ಯವಾಗಿ ಅದೇ ಚೀಟಿಯಲ್ಲಿರುತ್ತವೆ. ಒಂದಕ್ಷರವೂ ವ್ಯತ್ಯಾಸವಾಗಬಾರದು, ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ, ನಡುವಿನ ಖಾಲಿ ಜಾಗ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೆ ಹಳೆಯ ಪಾಸ್‌ವರ್ಡ್ ಓಣಿಯವರಿಗೆಲ್ಲ ಗೊತ್ತಿದ್ದರೆ ಈ ದಾರಿ ಬೇಡ.

ಖಾಲಾ ಅವರ ಮನೆಯಲ್ಲಿ ಹಳೆಯ ಪಾಸ್‌ವರ್ಡ್ ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದು ಸಿಕ್ಕಿತು. ಅದನ್ನೇ ಹಾಕಿದೆವು. ಆದರೂ ಸ್ಪೀಕರ್ ಮೂಕ!

ಇಲ್ಲಿ ಇನ್ನೊಂದು ವಿಷಯ ತಿಳಿದಿರಬೇಕು. ಇಂದಿನ ರೂಟರುಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಗಳಲ್ಲಿ ಕೆಲಸ ಮಾಡುತ್ತವೆ. ಹಳೆಯ ಸ್ಪೀಕರುಗಳಲ್ಲಿ ಅನೇಕವು ಮೊದಲನೆಯದನ್ನು ಮಾತ್ರ ಬಲ್ಲವು. ಈ ಮನೆಯ ರೂಟರಿನಲ್ಲಿ 2.4 ಬಂದ್ ಆಗಿತ್ತು. ವೇಗದಲ್ಲಿ 5 ಮುಂದೆ, ಗೋಡೆ ದಾಟುವುದರಲ್ಲಿ 2.4 ಮುಂದೆ. ಶಹಾಬಾದ್ ಇರಲಿ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಇರಲಿ, ನಮ್ಮ ಕಡೆಯ ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆಗಳನ್ನು ನೀವು ಬಲ್ಲಿರಿ. ಬೇಸಿಗೆಯಲ್ಲಿ ತಂಪು ಕೊಡುವ ಅದೇ ಗೋಡೆ ವೈಫೈಯನ್ನು ತಡೆಯುತ್ತದೆ. ಆದ್ದರಿಂದ ನಮ್ಮಂತಹ ಮನೆಗಳಿಗೆ 2.4 ಬೇಕೇ ಬೇಕು.

ಮೂರನೆಯದು ಬೀಗದ ವಿಷಯ. ವೈಫೈಯ ರಕ್ಷಣೆಗೆ 2004ರಲ್ಲಿ ಬಂದದ್ದು ಡಬ್ಲ್ಯೂಪಿಎ 2, 2018ರಲ್ಲಿ ಬಂದದ್ದು ಡಬ್ಲ್ಯೂಪಿಎ 3. ರೂಟರಿನಲ್ಲಿ ಮೂರನೆಯದನ್ನು ಮಾತ್ರ ಇಟ್ಟಿದ್ದರೆ ಹಳೆಯ ಸ್ಪೀಕರ್ ಒಳಗೆ ಬರಲಾರದು. ಎರಡೂ ಸೇರಿದ ಆಯ್ಕೆ ಅಥವಾ ಡಬ್ಲ್ಯೂಪಿಎ 2 ಆರಿಸಿ. ಕಷ್ಟವಾಯಿತೆಂದು ಪಾಸ್‌ವರ್ಡನ್ನೇ ತೆಗೆದುಹಾಕಬೇಡಿ. ಅದು ಬಾಗಿಲು ತೆರೆದಿಟ್ಟು ಮಲಗಿದಂತೆ.

ಇಷ್ಟಾದ ಮೇಲೆ ಸ್ಪೀಕರಿನ ಪ್ಲಗ್ ತೆಗೆದು, ಅರ್ಧ ನಿಮಿಷ ಬಿಟ್ಟು ಹಾಕಿ. ಕರೆಂಟ್ ಹೋಗಿ ಬಂದಾಗಲೂ ಇದು ನೆನಪಿರಲಿ. ಕೆಲವೊಮ್ಮೆ ರೂಟರಿಗಿಂತ ಮೊದಲೇ ಸ್ಪೀಕರ್ ಎದ್ದು, ನೆಟ್‌ವರ್ಕ್ ಕಾಣದೆ ಸುಮ್ಮನಾಗಿಬಿಡುತ್ತದೆ.

ರೀಸೆಟ್ ಬಟನ್ ಒತ್ತುವುದು ಕೊನೆಯ ಹೆಜ್ಜೆ. 2025ರ ಮಾರ್ಚಿನಲ್ಲಿ ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೋ ಮತ್ತು ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್ ಸಾಧನಗಳು ಹಲವು ದೇಶಗಳಲ್ಲಿ ಒಮ್ಮೆಲೇ ಕೆಲಸ ನಿಲ್ಲಿಸಿದವು. ತಪ್ಪು ಬಳಸುವವರದಲ್ಲ, ಸಾಧನದ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿತ್ತು. ರೀಸೆಟ್ ಮಾಡಬೇಡಿರೆಂದು ಗೂಗಲ್ ಎಚ್ಚರಿಸಿ, ಕೆಲವು ದಿನಗಳಲ್ಲಿ ಸರಿಪಡಿಸಿತು. ಅವಸರದಿಂದ ರೀಸೆಟ್ ಮಾಡಿದವರಿಗೇ ತೊಂದರೆ ಹೆಚ್ಚಾಯಿತು.

ರೀಸೆಟ್ ಅನಿವಾರ್ಯವಾದರೆ ಆ ಕಂಪೆನಿಯ ಆ್ಯಪ್‌ನಲ್ಲಿ ಮೊದಲಿನಿಂದ ಸೇರಿಸಬೇಕು. ಆಗ ಮೊಬೈಲಿನ ಬ್ಲೂಟೂತ್ ಮತ್ತು ಲೊಕೇಶನ್ ಆನ್ ಇರಲಿ, ಮೊಬೈಲ್ ಡೇಟಾ ಆಫ್ ಇರಲಿ. ಮೊಬೈಲ್ ಸೇರಬೇಕಾದದ್ದೂ ಅದೇ ವೈಫೈಗೆ, ಗೆಸ್ಟ್ ನೆಟ್‌ವರ್ಕಿಗಲ್ಲ. ಆ್ಯಪ್ ನಿಂತುಹೋಗಿದ್ದರೂ ನಿರಾಶರಾಗಬೇಡಿ. ಸ್ಪೀಕರಿಗೆ ಬ್ಲೂಟೂತ್ ಅಥವಾ ವೈರ್ ಸಿಕ್ಕಿಸುವ ತೂತಿದ್ದರೆ ಇಂಟರ್ನೆಟ್ಟಿನ ಹಂಗಿಲ್ಲದೆಯೂ ಅದು ದನಿ ಕೊಡಬಲ್ಲದು.

ಖಾಲಾ ಅವರ ಮನೆಯಲ್ಲಿ ರೀಸೆಟ್ ಬೇಕಾಗಲಿಲ್ಲ. 2.4 ಆನ್ ಮಾಡಿ, ಪ್ಲಗ್ ತೆಗೆದು ಹಾಕಿದಾಗ ಸ್ಪೀಕರ್ ತಾನಾಗಿಯೇ ಕೂಡಿಕೊಂಡಿತು. ಇದೆಲ್ಲವನ್ನೂ ಮಾಡಿದ್ದು ನಾನಲ್ಲ, ಸೊಸೆ. ನಾನು ಪಕ್ಕದಲ್ಲಿ ಕುಳಿತು ಹೇಳಿದೆನಷ್ಟೆ. ಒಂದು ಗಂಟೆಯೂ ಹಿಡಿಯಲಿಲ್ಲ. ಪಾರಾಯಣ ಕೇಳಿಸಿದಾಗ ಖಾಲಾ ಏನೂ ಹೇಳಲಿಲ್ಲ. ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು, ಮಂಚದ ಮೇಲೆ ಆ ಕಡೆಗೆ ತಿರುಗಿ ಕುಳಿತರು. "ನನಗ್ಯಾಕ ಅದೆಲ್ಲ" ಎಂದವರು ಅವರೇ!

ನಮ್ಮ ಹಿರಿಯರು ಬೇಕೆಂದು ಬಾಯಿಬಿಟ್ಟು ಕೇಳುವುದು ಕಡಿಮೆ. ಮನೆಗೆ ಹೊಸದೇನಾದರೂ ಬಂದಾಗ, ಅದರಿಂದ ಯಾರ ಯಾವ ಸೌಕರ್ಯ ನಿಂತಿತೆಂದು ನಾವೇ ವಿಚಾರಿಸಬೇಕು. ಸರಿಪಡಿಸಲು ಗಂಡನ ರಜೆಗೋ ಮಗನ ಬಿಡುವಿಗೋ ಕಾಯಬೇಕಿಲ್ಲ. ಇಂದೇ ಒಂದು ಕೆಲಸ ಮಾಡಿ: ನಿಮ್ಮ ವೈಫೈಯ ಹೆಸರು ಮತ್ತು ಪಾಸ್‌ವರ್ಡನ್ನು ರೇಷನ್ ಕಾರ್ಡು, ಗ್ಯಾಸ್ ಪುಸ್ತಕ ಇಡುವ ಕಡೆ ಬರೆದಿಡಿ. ಮುಂದಿನ ಸಲ ರೂಟರ್ ಬದಲಾದಾಗ ಅದು ನಿಮ್ಮ ಕೈಗೆ ಬರುತ್ತದೆ.