ವಿಶೇಷ ಅಗತ್ಯದ ಮಕ್ಕಳು ಕ್ಲಾಸಿನಲ್ಲಿದ್ದರೆ ಉಳಿದವರ ಓದು ಹಾಳಾಗುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಶಾಲೆ ಶುರುವಾಗುವ ಹೊತ್ತಿಗೆ ಪೇರೆಂಟ್ಸ್ ಗ್ರೂಪುಗಳಲ್ಲಿ ಒಂದೇ ಧಾಟಿಯ ಮೆಸೇಜುಗಳು ಓಡಾಡಲು ಶುರುವಾಗುತ್ತವೆ. ಆಟಿಸಂ, ಬುದ್ಧಿಮಾಂದ್ಯ ಅಥವಾ ಕಲಿಕಾ ತೊಂದರೆ ಇರುವ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸಿದರೆ ಉಳಿದವರ ಓದು ಕೆಡುತ್ತದೆ, ಅವರಿಗೆಂದೇ ಬೇರೆ ಶಾಲೆಗಳಿವೆ, ಸೇರಿಸಿಕೊಳ್ಳುವುದು ಬಿಡುವುದು ಶಾಲೆಯ ಇಷ್ಟ ಎಂಬುದು ಅವುಗಳ ಸಾರಾಂಶ. ಕೊನೆಗೆ ಕೈಮುಗಿಯುವ ಇಮೋಜಿ ಇರುವುದರಿಂದ ಓದುವವರಿಗೆ ಇದು ಕಾಳಜಿಯ ಮಾತಿನಂತೆಯೇ ಕಾಣುತ್ತದೆ.

ನಮ್ಮ ಬಳಗದವರೊಬ್ಬರಿಗೆ ಈ ಮಾತು ಎದುರಾದದ್ದು ಶಾಲೆಯ ಆಫೀಸಿನಲ್ಲಿ. ಮಗಳು ಎರಡನೇ ತರಗತಿ. ಮಾತು ಚುರುಕು, ಲೆಕ್ಕ ಬಾಯಲ್ಲೇ, ಆದರೆ ಓದಲು ಕೂತರೆ ಒಂದು ಸಾಲಿಗೆ ಐದು ನಿಮಿಷ. 'ಇಂಥ ಮಕ್ಕಳಿಗೆ ನಮ್ಮಲ್ಲಿ ಸೌಲಭ್ಯ ಇಲ್ಲ, ಟಿಸಿ ತೆಗೆದುಕೊಂಡರೆ ಮಗುವಿಗೇ ಒಳ್ಳೆಯದು' ಎಂದು ಮೃದುವಾಗಿಯೇ ಹೇಳಿದರು. ಇವರು ತೆಗೆದುಕೊಂಡುಬಿಟ್ಟರು. ಕಾನೂನು ಬೇರೆಯೇ ಇದೆ ಎಂದು ಗೊತ್ತಾದದ್ದು ಆಮೇಲೆ.

ಸೇರಿಸಿಕೊಳ್ಳುವುದು ಶಾಲೆಯ ಇಷ್ಟವೇ?

ಅಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಅಂಗೀಕಾರವಾಗಿ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಈಗ 21 ಇವೆ. ಆಟಿಸಂ ಮತ್ತು ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಗಳು ಹೊಸದಾಗಿ ಸೇರಿದವು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಕಟ್ಟಡವನ್ನು ಅವರು ಬಳಸುವಂತೆ ಮಾಡಬೇಕು, ಕಲಿಕೆಯ ತೊಂದರೆಯನ್ನು ಆದಷ್ಟು ಬೇಗ ಗುರುತಿಸಬೇಕು ಎನ್ನುತ್ತದೆ 16ನೇ ಸೆಕ್ಷನ್. 'ಮಾನ್ಯತೆ ಪಡೆದ' ಎಂಬ ಪದ ಮುಖ್ಯ, ಖಾಸಗಿ ಶಾಲೆಯೂ ಅದರೊಳಗೆ ಬರುತ್ತದೆ. 40 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದು ನೆರೆಹೊರೆಯ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಎಂಬ ಆಯ್ಕೆ ಮಗುವಿನ ಕಡೆಯದು. ಫಾರ್ವರ್ಡ್ ಹೇಳುವುದು ಇದರ ತದ್ವಿರುದ್ಧ.

ಓದು ಕೆಡುತ್ತದೆಯೇ?

ಪೋಷಕರ ಈ ಭಯವನ್ನು ನಾವು ತಮಾಷೆ ಮಾಡುವುದಿಲ್ಲ, ಫೀಸು ಕಟ್ಟುವವರು ಕೇಳಬೇಕಾದ ಪ್ರಶ್ನೆಯೇ ಇದು. ಸಂಶೋಧಕರೂ ಕೇಳಿದ್ದಾರೆ. 2017ರಲ್ಲಿ ಪೋಲೆಂಡಿನ ಸಂಶೋಧಕರು 47 ಅಧ್ಯಯನಗಳನ್ನು ಒಟ್ಟಿಗೆ ವಿಶ್ಲೇಷಿಸಿದರು. ಅವುಗಳಲ್ಲಿ ಒಟ್ಟು ಸುಮಾರು 48 ಲಕ್ಷ ವಿದ್ಯಾರ್ಥಿಗಳಿದ್ದರು. ವಿಶೇಷ ಅಗತ್ಯದ ಸಹಪಾಠಿಗಳ ಜೊತೆ ಕಲಿತ ಸಾಮಾನ್ಯ ಮಕ್ಕಳ ಫಲಿತಾಂಶ ಕುಸಿದಿರಲಿಲ್ಲ, ಬದಲಿಗೆ ತುಸು ಮೇಲೆಯೇ ಇತ್ತು. ಆ 'ತುಸು' ನಿಜಕ್ಕೂ ತುಸುವೇ, ಅದನ್ನು ಹಿಡಿದು 'ಎಲ್ಲರೂ ಜಾಣರಾಗುತ್ತಾರೆ' ಎಂದು ಇನ್ನೊಂದು ಫಾರ್ವರ್ಡ್ ಹುಟ್ಟಿಸಬೇಡಿ. ಇಂಥ ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪಿನವು. ಅಲ್ಲಿನ ತರಗತಿಗೂ ನಮ್ಮ ಐವತ್ತು ಮಕ್ಕಳ ಕೊಠಡಿಗೂ ಅಂತರವಿದೆ. ಆದರೂ 'ಓದು ಹಾಳಾಗುತ್ತದೆ' ಎಂಬ ಮಾತಿಗೆ ಅವು ಆಧಾರ ಕೊಡುವುದಿಲ್ಲ.

ಹಾಗಾದರೆ ಗಲಾಟೆ ಆಗುವ ಕ್ಲಾಸುಗಳು? ಇರುತ್ತವೆ. ಮಗುವನ್ನು ಸೇರಿಸಿಕೊಂಡು, ಹಿಂದಿನ ಬೆಂಚಿನಲ್ಲಿ ಕೂರಿಸಿ, ಒಬ್ಬರೇ ಟೀಚರ್ ಮೇಲೆ ಹೊರೆ ಹಾಕಿದರೆ ಟೀಚರ್ ಸೋಲುತ್ತಾರೆ, ಮಗುವೂ ಸೋಲುತ್ತದೆ. ಅದಕ್ಕೆ ಹೊಣೆ ಮಗು ಅಲ್ಲ, ಅಲ್ಲಿ ಇರಬೇಕಾಗಿದ್ದು ಇಲ್ಲದಿರುವುದು. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಸಾಮಾನ್ಯ ಶಾಲೆಗಳಲ್ಲಿ ವಿಶೇಷ ಶಿಕ್ಷಕರು ಎಷ್ಟಿರಬೇಕೆಂದು ಅನುಪಾತ ಸೂಚಿಸಿತು: ಕಿರಿಯ ಪ್ರಾಥಮಿಕದಲ್ಲಿ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು. 2025ರ ಮಾರ್ಚಿನಲ್ಲಿ ಅದೇ ನ್ಯಾಯಾಲಯ ಹುದ್ದೆಗಳನ್ನು ಮಂಜೂರು ಮಾಡಿ ತುಂಬಿ ಎಂದು ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ತಾಲ್ಲೂಕು ಮಟ್ಟದಲ್ಲಿ ಸಂಪನ್ಮೂಲ ಶಿಕ್ಷಕರಿದ್ದಾರೆ, ಇಲಾಖೆಯ ಭಾಷೆಯಲ್ಲಿ ಬಿಐಇಆರ್‌ಟಿ. ಶಾಲೆಯಿಂದ ಶಾಲೆಗೆ ಓಡಾಡುವ ಇವರು ಒಂದು ಮಗುವಿನ ಪಕ್ಕ ದಿನವಿಡೀ ಕೂರಲಾರರು.

'ಡಿಸ್ಲೆಕ್ಸಿಯಾ ಇಂಗ್ಲಿಷ್ ಓದುವವರಿಗೆ ಮಾತ್ರ'

ಇದು ನಮಗೆ ಹೆಚ್ಚು ಕಾಡುವ ತಪ್ಪು ನಂಬಿಕೆ. 2007ರಲ್ಲಿ 'ತಾರೇ ಜಮೀನ್ ಪರ್' ಸಿನಿಮಾ ಬಂದ ಮೇಲೆ ಡಿಸ್ಲೆಕ್ಸಿಯಾ ಎಂದರೆ ಇಂಗ್ಲಿಷಿನ ಅಕ್ಷರ ತಿರುಗುಮುರುಗಾಗಿ ಕಾಣುವುದು ಎಂದು ಬಹಳ ಜನ ತಿಳಿದರು. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಆದ್ದರಿಂದ ಕನ್ನಡ ಮಾಧ್ಯಮದ ಮಗುವಿಗೆ ಅದು ಬರುವುದಿಲ್ಲ, ಬಂದರೆ ಸೋಮಾರಿತನ ಎಂಬ ತೀರ್ಮಾನ ಅದರ ಮುಂದಿನ ಹೆಜ್ಜೆ.

ಕನ್ನಡದಲ್ಲಿ ಅಕ್ಷರಕ್ಕೂ ಉಚ್ಚಾರಕ್ಕೂ ಹೊಂದಿಕೆ ಇದೆ, ನಿಜ. ಆದರೆ ಕಲಿಯಬೇಕಾದ ರೂಪಗಳ ಸಂಖ್ಯೆ ನೋಡಿ. ವರ್ಣಮಾಲೆ ಮುಗಿದರೆ ಕಾಗುಣಿತ, ಅದು ಮುಗಿದರೆ ಒತ್ತಕ್ಷರ. ಒಟ್ಟು ನೂರಾರು. ಸಾಮಾನ್ಯ ಮಕ್ಕಳಿಗೇ ಇವೆಲ್ಲ ಕೈವಶವಾಗಲು ಮೂರನೇ ನಾಲ್ಕನೇ ತರಗತಿ ಆಗುತ್ತದೆ. ದ, ಧ, ಥ ನಡುವಿನ ವ್ಯತ್ಯಾಸ ಒಂದು ಸೀಳು, ಒಂದು ಚುಕ್ಕೆ. 'ಕರ್ನಾಟಕ' ಎಂಬ ಪದವನ್ನೇ ತೆಗೆದುಕೊಳ್ಳಿ: ಅರ್ಕಾವತ್ತು ಕಾಣುವುದು 'ನಾ' ಆದ ಮೇಲೆ, ಉಚ್ಚರಿಸಬೇಕಾದದ್ದು ಅದಕ್ಕೂ ಮೊದಲು. ಕಣ್ಣು ಮುಂದೆ ಹೋಗಿ ನಾಲಿಗೆ ಹಿಂದೆ ಬರಬೇಕು. ನಮಗೆ ಅಭ್ಯಾಸವಾಗಿ ಗೊತ್ತೇ ಆಗುವುದಿಲ್ಲ. ಡಿಸ್ಲೆಕ್ಸಿಯಾ ಇರುವ ಮಗು ಅಲ್ಲಿ ನಿಲ್ಲುತ್ತದೆ. ಒತ್ತು ಬಿಟ್ಟು ಓದುತ್ತದೆ, ದೀರ್ಘವನ್ನು ಹ್ರಸ್ವ ಮಾಡುತ್ತದೆ, ಅಥವಾ ಎಲ್ಲವನ್ನೂ ಸರಿಯಾಗಿಯೇ ಓದುತ್ತದೆ, ಆದರೆ ವಿಪರೀತ ನಿಧಾನವಾಗಿ. ಈ ಕೊನೆಯ ಬಗೆಯ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ತಪ್ಪು ಓದಿಲ್ಲವಲ್ಲ!

ಇದು ಬುದ್ಧಿಯ ಕೊರತೆ ಅಲ್ಲ, ಕಣ್ಣಿನ ದೋಷವೂ ಅಲ್ಲ. ಪದವನ್ನು ಧ್ವನಿಗಳಾಗಿ ಬಿಡಿಸಿ ಬರಹದ ಜೊತೆ ಜೋಡಿಸುವ ಮಿದುಳಿನ ಕೆಲಸದಲ್ಲಿ ತೊಡಕು. ಹಾಗಾಗಿ ಬಣ್ಣದ ಕನ್ನಡಕ, 'ಮೆದುಳು ಚುರುಕು' ಸಿರಪ್‌ಗಳ ಜಾಹೀರಾತಿಗೆ ದುಡ್ಡು ಸುರಿಯಬೇಡಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಪರೀಕ್ಷೆ ನಡೆಯುತ್ತದೆ, ಸಾಮಾನ್ಯವಾಗಿ 8 ವರ್ಷದ ನಂತರ ಖಚಿತವಾಗಿ ಹೇಳುತ್ತಾರೆ. ಆದರೆ ಸಹಾಯ ಶುರು ಮಾಡಲು ಅಲ್ಲಿಯವರೆಗೆ ಕಾಯಬೇಕಿಲ್ಲ. ಎಲ್ಲರ ಎದುರು ಗಟ್ಟಿಯಾಗಿ ಓದಿಸದಿರುವುದು, ಬೋರ್ಡಿನಿಂದ ನಕಲು ಮಾಡುವ ಬದಲು ಮುದ್ರಿತ ಹಾಳೆ ಕೊಡುವುದು, ಗೊತ್ತಿರುವುದನ್ನು ಬಾಯಲ್ಲಿ ಹೇಳಲು ಬಿಡುವುದು, ದಿನಕ್ಕೆ ನಾಲ್ಕೇ ಒತ್ತಕ್ಷರ ಹಿಡಿದು ತಿದ್ದಿಸುವುದು. ಇವಕ್ಕೆ ಎಷ್ಟು ಖರ್ಚು ಬಂದೀತು?

ಪರೀಕ್ಷೆಯ ವಿಷಯಕ್ಕೂ ಗೊಣಗಾಟ ಇದೆ, ಹೆಚ್ಚುವರಿ ಸಮಯ ಕೊಟ್ಟರೆ ಉಳಿದವರಿಗೆ ಅನ್ಯಾಯ ಎಂದು. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಉತ್ತರ ಗೊತ್ತಿಲ್ಲದವರಿಗೆ ಆ ಒಂದು ಗಂಟೆ ಕೊಟ್ಟರೂ ಅಂಕ ಬರುವುದಿಲ್ಲ. 2021ರಲ್ಲಿ ಬರವಣಿಗೆಯ ತೊಂದರೆ ಇದ್ದ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಲಿಪಿಕಾರರ ನೆರವಿಗೆ 40 ಶೇಕಡಾ ವೈಕಲ್ಯದ ಗೆರೆಯನ್ನು ಅಡ್ಡ ಹಿಡಿಯಬಾರದು ಎಂದಿತು.

ಫಾರ್ವರ್ಡಿನಲ್ಲಿ ಒಂದು ಮಾತು ಮಾತ್ರ ಪೂರ್ತಿ ಸುಳ್ಳಲ್ಲ. ವಿಶೇಷ ಶಾಲೆಗಳು ಬೇಕು. ಹುಟ್ಟಿನಿಂದ ಕೇಳದ ಮಗುವನ್ನು ಸಂಜ್ಞಾ ಭಾಷೆ ಬಲ್ಲವರು ಒಬ್ಬರೂ ಇಲ್ಲದ ಶಾಲೆಗೆ ಹಾಕಿದರೆ ಅದು ಗುಂಪಿನ ನಡುವೆ ಒಂಟಿಯಾಗುತ್ತದೆ, ಅಂಥ ಮಗುವಿಗೆ ಕಿವುಡ ಮಕ್ಕಳ ಒಳ್ಳೆಯ ಶಾಲೆಯೇ ಮೇಲು. ಆಯ್ಕೆ ಮಾಡುವವರು ಮಗು ಮತ್ತು ಮನೆಯವರಾಗಿರಬೇಕು, ಅಡ್ಮಿಷನ್ ಕೌಂಟರ್ ಅಲ್ಲ.

'ನಮ್ಮಲ್ಲಿ ಆಗುವುದಿಲ್ಲ' ಎಂದು ನಿಮಗೆ ಯಾರಾದರೂ ಹೇಳಿದರೆ ಮೊದಲು ಅದನ್ನು ಕಾರಣ ಸಹಿತ ಬರೆದುಕೊಡಿ ಎನ್ನಿ. ಬಾಯಿಮಾತಿನ ನಿರಾಕರಣೆಗಳಲ್ಲಿ ಎಷ್ಟೋ ಅಲ್ಲೇ ಸಡಿಲವಾಗುತ್ತವೆ. ಬರೆದುಕೊಟ್ಟರೆ ಆ ಪತ್ರ ಮತ್ತು ನಿಮ್ಮ ಅರ್ಜಿಯ ಪ್ರತಿ ಹಿಡಿದು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಹೋಗಿ, ಅಲ್ಲಿ ಆಗದಿದ್ದರೆ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಡಿ. ಕಾಯ್ದೆ ಉಲ್ಲಂಘನೆಗೆ ಮೊದಲ ಬಾರಿ 10,000 ರೂಪಾಯಿವರೆಗೆ, ಮರುಕಳಿಸಿದರೆ 50,000ದಿಂದ 5 ಲಕ್ಷದವರೆಗೆ ದಂಡವಿದೆ. ನಮ್ಮ ಬಳಗದವರ ಮಗಳು ಈಗ ಇನ್ನೊಂದು ಶಾಲೆಯಲ್ಲಿ ಐದನೇ ತರಗತಿ. ಓದು ಈಗಲೂ ನಿಧಾನವೇ. ವಿಜ್ಞಾನದ ಪಾಠವನ್ನು ಅಮ್ಮ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಡುತ್ತಾರೆ, ಅವಳು ಕೇಳಿಸಿಕೊಂಡು ಹೋಗಿ ಉತ್ತರ ಹೇಳುತ್ತಾಳೆ.